ವಿಮಾನ ಹತ್ತಿದ ತವರುಮನೆ

ಮಿರ್ಚಿ ತಿಂದು ಮುಗಿಸಿದ ಮೇಲೆ ಅದನ್ನು ಕಟ್ಟಿಕೊಟ್ಟ ಕಾಗದವನ್ನು ಓದುವುದು ನನ್ನ ಹಳೆಯ ವ್ಯಸನ. ತಿಂಗಳ ಚಂದಾ ಕೊಟ್ಟು ತರಿಸುವ ಪತ್ರಿಕೆಯನ್ನು ಮೇಲಿಂದ ಮೇಲೆ ನೋಡಿ ಮಡಚಿಡುವ ನಾನು, ಎಣ್ಣೆ ಕುಡಿದು ಪಾರದರ್ಶಕವಾದ ಈ ತುಂಡು ಪುಟಗಳನ್ನು ಮಾತ್ರ ಶಾಸನ ಓದುವವರ ಶ್ರದ್ಧೆಯಿಂದ ಓದುತ್ತೇನೆ. ಮೊನ್ನೆ ಸಂಜೆ ಕೊಪ್ಪಳದ ಬಸ್ ನಿಲ್ದಾಣದ ಎದುರಿನ ಗಾಡಿಯಿಂದ ತಂದ ಮಿರ್ಚಿಯ ಅಡಿಯಲ್ಲಿ ಯಾವುದೋ ಬಣ್ಣದ ವಾರಪತ್ರಿಕೆಯ ಹಾಳೆ ಸಿಕ್ಕಿತು. ಅದರಲ್ಲೊಂದು ದ್ವೀಪ, ದ್ವೀಪದಲ್ಲಿ ಬಾಗಿದ ತೆಂಗಿನ ಮರ, ಮರದ ಕೆಳಗೆ ಯಾವ ಕೆಲಸವೂ ಇಲ್ಲದೆ ಮಲಗಿದ ದಂಪತಿಗಳು, ಅವರ ಕಾಲ ಕೆಳಗೆ, ಅಲ್ಲಿಗೆ ಹೋಗಿಬರುವ ವಿಮಾನದ ದರ. ದರದ ಕೊನೆಯ ಸೊನ್ನೆಗಳ ಮೇಲೆ ಸರಿಯಾಗಿ ಎಣ್ಣೆಯ ಕಲೆ ಬಿದ್ದು ಅವು ಹಿಂದಿನ ಪುಟದ ಅಕ್ಷರಗಳೊಡನೆ ಬೆರೆತುಹೋಗಿದ್ದವು. ಉಳಿದ ಸೊನ್ನೆಗಳೇ ನನ್ನಂಥ ಕಾಲೇಜು ಮಾಸ್ತರನಿಗೆ ಸಾಕಾಗಿದ್ದವು.

ನನ್ನ ಕುತೂಹಲ ಕೆರಳಿದ್ದು ದರದ ದೊಡ್ಡತನದಿಂದಲ್ಲ, ದ್ವೀಪದ ಸಣ್ಣತನದಿಂದ. ಸಣ್ಣ ವಸ್ತುವಿಗೆ ಸಣ್ಣ ಬೆಲೆ, ದೊಡ್ಡದಕ್ಕೆ ದೊಡ್ಡ ಬೆಲೆ ಎಂಬುದು ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರಿಗೂ ಗೊತ್ತಿರುವ ನ್ಯಾಯ. ಪ್ರಯಾಣದ ವಿಷಯದಲ್ಲಿ ಮಾತ್ರ ಈ ನ್ಯಾಯ ಶೀರ್ಷಾಸನ ಹಾಕಿ ನಿಲ್ಲುತ್ತದೆ. ಹೈಕೋರ್ಟು, ಬಂದರು, ವಿಶ್ವವಿದ್ಯಾಲಯಗಳನ್ನೆಲ್ಲ ಹೊತ್ತು ಏದುಸಿರು ಬಿಡುವ ಮಹಾನಗರಕ್ಕೆ ಅಗ್ಗದಲ್ಲಿ ಹೋಗಿಬರಬಹುದು. ಭೂಪಟದಲ್ಲಿ ಅಚ್ಚಿನ ದೋಷವಿರಬಹುದೇ ಎಂದು ಸಂಶಯ ಹುಟ್ಟಿಸುವ ಚುಕ್ಕೆಗೆ ಹೋಗಬೇಕಾದರೆ ಸಂಬಳವನ್ನೆಲ್ಲ ಎದುರಿಗಿಟ್ಟು ಕೈಮುಗಿಯಬೇಕು.

ಇದು ದ್ವೀಪಗಳಿಗೆ ಮಾತ್ರ ಅನ್ವಯಿಸುವ ಶಾಸ್ತ್ರವೆಂದು ತಿಳಿಯಬೇಡಿ. ಎಪ್ಪತ್ತರ ದಶಕದಲ್ಲಿ ನಾನು ಕುಷ್ಟಗಿಯಲ್ಲಿ ಕೆಲಸಕ್ಕಿದ್ದಾಗ, ಅಲ್ಲಿಂದ ಗಂಗಾವತಿಗೆ ಬಸ್ಸಿನಲ್ಲಿ ಹೋಗಿ, ಖಾನಾವಳಿಯಲ್ಲಿ ಉಂಡು, ತಿರುಗಿ ಬರುವ ಖರ್ಚಿನಲ್ಲಿ, ಬಸ್ಸಿನ ಮುಖ ಕಾಣದ ಪಕ್ಕದ ಹಳ್ಳಿಗೆ ಎತ್ತಿನ ಗಾಡಿಯಲ್ಲಿ ಹೋಗುವುದಷ್ಟೇ ಆಗುತ್ತಿತ್ತು. ಒಮ್ಮೆ ಸಹೋದ್ಯೋಗಿಯ ಮದುವೆಗೆ ಹೊರಟವನು ಈ ಕುರಿತು ಗಾಡಿಯವನೊಡನೆ ವಾದಕ್ಕಿಳಿದೆ. ‘ಹೋಗೂಮುಂದ ಗಾಡ್ಯಾಗ ನೀವು ಇರ್ತೀರಿ ಸರ. ಬರೂಮುಂದ ಯಾರು ಇರ್ತಾರ? ಆ ಖಾಲಿ ಗಾಡಿ ಬಾಡಗಿ ಯಾರು ಕೊಡಬೇಕ್ರಿ?’ ಎಂದ. ಇಲ್ಲದ ಪ್ರಯಾಣಿಕನ ಬಾಡಿಗೆಯನ್ನು ಇರುವ ಪ್ರಯಾಣಿಕ ತೆರುವುದು ಯಾವ ತರ್ಕ ಎಂದು ನಾನು ಕೇಳುವಷ್ಟರಲ್ಲಿ ಅವನು ನೊಗದಿಂದ ಎತ್ತು ಬಿಚ್ಚತೊಡಗಿದ್ದ. ತರ್ಕವನ್ನು ರಸ್ತೆಯ ಮೇಲೇ ಬಿಟ್ಟು ಗಾಡಿ ಹತ್ತಿದೆ.

ವಿಮಾನದರದಲ್ಲಿ ಇವನಿಗೇಕೆ ಇಷ್ಟೊಂದು ಆಸಕ್ತಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಈವರೆಗೆ ವಿಮಾನದ ಕೆಳಗೆ ನಿಂತಿದ್ದೇನೆಯೇ ಹೊರತು ಒಳಗೆ ಕೂತಿಲ್ಲ. ನಮ್ಮ ಕುಟುಂಬದಲ್ಲಿ ವಿಮಾನ ಹತ್ತಿದವರು ಒಬ್ಬರೇ; ಅವರು ಯಲಬುರ್ಗಾದ ನನ್ನ ಅತ್ತೆ, ನೀಲಮ್ಮನವರು. ಈ ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅವರು ಹೋದದ್ದೂ ದ್ವೀಪಕ್ಕೇ, ಅಂಡಮಾನಿನ ಪೋರ್ಟ್ ಬ್ಲೇರಿಗೆ. ಆದರೆ ತೆಂಗಿನ ಮರದ ಕೆಳಗೆ ಮಲಗುವುದಕ್ಕಲ್ಲ.

ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಶಾರದಾ, ನನ್ನ ಹೆಂಡತಿ. ಕಿರಿಯವಳು ಗಿರಿಜಾ, ಅವಳ ಗಂಡ ಬಸವರಾಜ, ಅಂದರೆ ನನ್ನ ಷಡ್ಡಕ, ಕೇಂದ್ರ ಸರ್ಕಾರದ ಕಟ್ಟಡ ಇಲಾಖೆಯಲ್ಲಿ ಇಂಜಿನಿಯರು. ಸರ್ಕಾರ ಅವನನ್ನು ಎತ್ತಿ ಬಂಗಾಳ ಕೊಲ್ಲಿಯ ನಡುವೆ ಇಟ್ಟಿತ್ತು. ಮಾವನವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹೊಲ, ಮನೆ, ಇಬ್ಬರು ಮಕ್ಕಳ ಮದುವೆ ಎಲ್ಲವನ್ನೂ ಅತ್ತೆ ಒಬ್ಬರೇ ನಿಭಾಯಿಸಿದ್ದರು. ಗಿರಿಜಾ ಚೊಚ್ಚಲ ಬಸುರಿಯಾದಾಗ ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಅವಳನ್ನು ತವರಿಗೆ ಕರೆತರುವುದೆಂದು ಎಲ್ಲ ನಿಶ್ಚಯವಾಗಿತ್ತು. ಆದರೆ ಆ ಸಲ ಗಾಳಿಮಳೆ ಹಿಡಿದು ಹಡಗು ಬಂದರು ಬಿಡಲಿಲ್ಲ. ಹಡಗು ಹೊರಡುವ ಹೊತ್ತಿಗೆ ಡಾಕ್ಟರರು ಇವಳು ಹಡಗು ಹತ್ತಕೂಡದೆಂದರು. ಅಷ್ಟರಲ್ಲಿ ತಿಂಗಳು ತುಂಬುತ್ತ ಬಂದಿದ್ದರಿಂದ ವಿಮಾನದವರೂ ಒಲ್ಲೆವೆಂದರು. ಹೀಗೆ ಗಿರಿಜಾ ದ್ವೀಪದಲ್ಲಿಯೇ ಉಳಿದಳು.

ಅಲ್ಲಿ ಒಳ್ಳೆಯ ಆಸ್ಪತ್ರೆಯಿದೆ, ಹೆರಿಗೆಗೆ ಏನೂ ತೊಂದರೆಯಿಲ್ಲ ಎಂದು ಬಸವರಾಜ ಬರೆದ. ಅತ್ತೆಯ ಚಿಂತೆ ಹೆರಿಗೆಯದಲ್ಲ, ಬಾಣಂತನದ್ದು. ಚೊಚ್ಚಲ ಬಾಣಂತನ ತವರಿನಲ್ಲಿ, ತವರಿನ ಖರ್ಚಿನಲ್ಲಿ ಆಗಬೇಕು. ಅದು ನಮ್ಮ ಕಡೆಯ ಕಟ್ಟಳೆ. ಮಗಳು ಬರಲಾರದಿದ್ದರೆ ತಾಯಿಯೇ ಹೋಗಬೇಕು. ಬಸವರಾಜ ಧಾರಾಳಿ, ಅತ್ತೆಯ ವಿಮಾನದ ಟಿಕೇಟಿನ ಹಣ ತಾನೇ ಕಳಿಸುತ್ತೇನೆಂದ. ಇದನ್ನು ಅತ್ತೆಗೆ ಓದಿ ಹೇಳಿದೆ. ‘ಅಲ್ರೀ ಅಳ್ಯಾರ, ಅವರ ರೊಕ್ಕದಾಗ ಹೋಗಿ, ಅವರ ಮನ್ಯಾಗ ಕುಂತು, ಅವರ ಅಕ್ಕಿ ಬೇಸಿ ಹಾಕಿದ್ರ ನಾ ಬಾಣಂತನ ಮಾಡಾಕ ಬಂದ ತಾಯಿ ಹೆಂಗ ಆಗ್ತೀನ್ರಿ? ಅಡಗಿ ಮಾಡಾಕ ಬಂದಾಕಿ ಆಗ್ತೀನಿ’ ಎಂದರು. ಟಿಕೇಟು ವಿಚಾರಿಸಲು ಅವರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ.

ಪ್ರವಾಸದ ಆ ಕಚೇರಿಯಲ್ಲಿ ಟೈ ಎಂಬ ಕಂಠಕೌಪೀನ ಧರಿಸಿದ ತರುಣನೊಬ್ಬ ನಮ್ಮನ್ನು ಕೂರಿಸಿ, ಅಂಡಮಾನ್ ಎಂದ ಕೂಡಲೇ ಬಣ್ಣದ ಚಿತ್ರಗಳ ಕಂತೆಯನ್ನು ಅತ್ತೆಯ ಮುಂದೆ ಹರಡಿದ. ‘ಸೀಜನ್‌ನ್ಯಾಗ ಹೋದ್ರ ಭಾಳ ಛಲೋ ನೋಡ್ರಿ ಅವ್ವಾರ’ ಎಂದ. ಬಾಣಂತನಕ್ಕೂ ಸೀಜನ್ ಇರುತ್ತದೆಯೇ ಎಂದು ಅತ್ತೆ ನನ್ನನ್ನು ಕೇಳಿದರು. ಆಮೇಲೆ ಮರಳಿನ ಮೇಲೆ ಬಿಸಿಲು ಕಾಯುತ್ತಿದ್ದ ಪರದೇಶದ ಸ್ತ್ರೀಪುರುಷರ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ತರುಣ ದರ ಹೇಳಿದ. ಅತ್ತೆ ಚಿತ್ರವನ್ನು ಮೆಲ್ಲಗೆ ಕೆಳಗಿಟ್ಟು, ‘ಪಾಪ, ಟಿಕೀಟಿಗೇ ಎಲ್ಲಾ ಹೋಗಿರಬೇಕು. ಮೈಮ್ಯಾಲ ಉಡೂ ಅರಿವಿಗೆ ರೊಕ್ಕ ಉಳಿದಂಗಿಲ್ಲ ಇವರಿಗೆ’ ಎಂದರು. ತರುಣನ ಪೆನ್ನು ಕೈಯಿಂದ ಜಾರಿ ಮೇಜಿನ ಕೆಳಗೆ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ಅವನು ನಕ್ಕು ಮುಗಿಸಿ ಮೇಲೆದ್ದ.

ಇಷ್ಟು ಸಣ್ಣ ಊರಿಗೆ ಇಷ್ಟೇಕೆ ಎಂಬ ನನ್ನ ಹಳೆಯ ಪ್ರಶ್ನೆಯನ್ನು ಅವನ ಮುಂದಿಟ್ಟೆ. ನಡುವೆ ನೀರು, ವಾರದಲ್ಲಿ ಕೆಲವೇ ವಿಮಾನಗಳು, ಇಂಧನವನ್ನೂ ಇಲ್ಲಿಂದಲೇ ಒಯ್ಯಬೇಕು, ಜನ ತುಂಬಲಿ ಬಿಡಲಿ ಹಾರಲೇಬೇಕು ಎಂದು ಏನೇನೋ ಹೇಳಿದ. ಕುಷ್ಟಗಿಯ ಗಾಡಿಯವನು ಒಂದೇ ಮಾತಿನಲ್ಲಿ ಹೇಳಿದ್ದನ್ನು ಇವನು ಇಂಗ್ಲಿಷ್ ಬೆರೆಸಿ ವಿಸ್ತರಿಸಿದ ಅಷ್ಟೆ. ನನ್ನ ಕುತೂಹಲ ಅರ್ಧ ತಣಿಯಿತು. ಉಳಿದರ್ಧ ಅತ್ತೆಯ ಕಡೆ ತಿರುಗಿತು. ಈಗ ಈಕೆ ಏನು ಮಾಡುತ್ತಾರೆ?

ಅತ್ತೆ ಲೆಕ್ಕವನ್ನು ರೂಪಾಯಿಗಳಲ್ಲಿ ಮಾಡುವವರಲ್ಲ, ಪಂಕ್ತಿಗಳಲ್ಲಿ ಮಾಡುವವರು. ಗಿರಿಜಾಳ ಚೊಚ್ಚಲ ಕೂಸಿನ ತೊಟ್ಟಿಲ ಕಾರ್ಯಕ್ಕೆ ಓಣಿಗೆಲ್ಲ ಹೋಳಿಗೆ ಊಟ ಹಾಕಬೇಕೆಂದು ವರ್ಷಗಳಿಂದ ಶೇಂಗಾ ಮಾರಿದ ದುಡ್ಡಿನಲ್ಲಿ ತೆಗೆದಿಟ್ಟಿದ್ದರು. ಶಾರದೆಯ ಮಕ್ಕಳಿಗೆ ಹಾಗೆಯೇ ಹಾಕಿದ್ದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುವಾಗ ಕಿಟಕಿಯ ಆಚೆ ನೋಡುತ್ತ ಕೂತವರು ಗದಗ ದಾಟಿದ ಮೇಲೆ ಒಮ್ಮೆಲೆ, ‘ಇಡೀ ಓಣಿ ಊಟ ಹೋಗ್ತೈತಿ ನೋಡ್ರಿ ಆ ಟಿಕೀಟಿಗೆ. ಹೋಗವಲ್ದ್ಯಾಕ. ಮಂದಿ ಒಂದ್ ದಿನ ಅಂತಾರ, ಬಿಡ್ತಾರ’ ಎಂದರು. ಜೀವಮಾನವಿಡೀ ‘ಮಂದಿ ಏನಂದಾರು’ ಎಂದು ಬಾಳಿದ ಹೆಣ್ಣುಮಗಳ ಬಾಯಲ್ಲಿ ಬಂದ ಮಾತು ಅದು.

ಸಿದ್ಧತೆ ಶುರುವಾಯಿತು. ಕೊಬ್ಬರಿ, ಖಾರೀಕು, ಅಂಟು ಹಾಕಿದ ಬಾಣಂತಿ ಉಂಡಿ ಒಂದು ಡಬ್ಬಿ, ಅಜಿವಾನ, ಒಣಶುಂಠಿ, ಬೆಳ್ಳುಳ್ಳಿ, ಬಿಳಿಜೋಳದ ಹಿಟ್ಟು, ಕುಸುಬಿ ಎಣ್ಣೆ, ಮೆತ್ತಗೆ ಒಗೆದ ಹಳೆಯ ಸೀರೆಗಳ ಕೌದಿ, ತೊಟ್ಟಿಲಿನ ಮೇಲೆ ತೂಗುಹಾಕಲು ಕಿನ್ನಾಳದ ಬಣ್ಣದ ಗಿಳಿಗಳು. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ನಮ್ಮ ಪರಿಚಿತರಲ್ಲಿ ವಿಮಾನ ಹತ್ತಿದ ಏಕೈಕ ವ್ಯಕ್ತಿಯಾಗಿದ್ದರು; ಅವರನ್ನು ಕೇಳಿ ಬಂದೆ. ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಬೇಕು, ಕೊಟ್ಟ ಪೆಪ್ಪರಮಿಂಟು ನುಂಗದೆ ಚೀಪಬೇಕು ಎಂದು ಅವರು ಉಪದೇಶಿಸಿದರು. ಅತ್ತೆಯ ಈವರೆಗಿನ ಜಲಯಾನ ಆನೆಗೊಂದಿಯಲ್ಲಿ ಹರಿಗೋಲು ಹತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಆಚೆ ದಡದಲ್ಲಿ ತೆರೆದದ್ದಷ್ಟೆ. ಆಕಾಶಯಾನಕ್ಕೂ ಅದೇ ವಿಧಾನ ಸಾಕೆಂದು ಅವರು ನಿರ್ಧರಿಸಿದಂತಿತ್ತು.

ಮೀಟರ್ ಗೇಜಿನಲ್ಲಿ ಗುಂತಕಲ್ಲಿನವರೆಗೆ, ಅಲ್ಲಿಂದ ದೊಡ್ಡ ಗಾಡಿಯಲ್ಲಿ ಮದ್ರಾಸಿಗೆ. ಇಬ್ಬರಿಗೆ ವಿಮಾನದ ದರ ತೆರುವುದು ಸಾಧ್ಯವೇ ಇರಲಿಲ್ಲವಾದ್ದರಿಂದ ನಾನು ಮದ್ರಾಸಿನವರೆಗೆ ಮಾತ್ರದ ಅಳಿಯ. ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದ ಇವರನ್ನು ಒಬ್ಬರನ್ನೇ ಕಳಿಸುವುದು ನನಗೆ ಸಂಕಟವಾಗಿ, ರೈಲಿನಲ್ಲಿ ಕೊನೆಯ ಸಲ ಕೇಳಿದೆ: ‘ಅಲ್ರಿ ಅತ್ತಿಯವರ, ಅಲ್ಲಿ ಆಸ್ಪತ್ರಿ ಐತಿ, ನರ್ಸು ಅದಾರ. ಹೋಗಲೇಬೇಕಂತೇನ್ರಿ?’

ಅತ್ತೆ ಉಂಡಿಯ ಡಬ್ಬಿಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡರು. ‘ನಮ್ಮ ಶಾರದಾ ಹುಟ್ಟಿದಾಗ ನನಗ ತವರ ಇರಲಿಲ್ರಿ. ನಮ್ಮವ್ವ ಮೊದಲ ಹೋಗಿದ್ಲು. ಗಂಡನ ಮನ್ಯಾಗ ಹಡದೆ. ಯಾರೂ ಕೆಟ್ಟವರಲ್ಲ, ಎಲ್ಲಾರೂ ಛಲೋನ ಇದ್ರು. ಆದ್ರ ಬಿಸಿನೀರು ಬೇಕಾದ್ರ ಕೇಳಬೇಕಿತ್ತು. ತವರಮನ್ಯಾಗ ಕೇಳೂದಿರಂಗಿಲ್ರಿ.’ ಇಷ್ಟು ಹೇಳಿ ಕೂಸಿನ ತಲೆಗೆ ಕುಲಾಯಿ ಹೊಲಿಯುವುದಕ್ಕೆ ತೊಡಗಿದರು.

ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುತ್ತಾರೆಂಬುದು ಗಿರಣಿ ಸಾಹುಕಾರರು ಹೇಳಲು ಮರೆತ ಸಂಗತಿ. ಗಂಟುಗಳು ಮಿತಿ ಮೀರಿದವು. ಹೆಚ್ಚಿನ ಭಾರಕ್ಕೆ ಹೆಚ್ಚಿನ ಹಣ ಕೇಳಿದರು. ದೊಡ್ಡ ಗಂಟಿನಲ್ಲಿ ಏನಿದೆಯೆಂದು ಅಧಿಕಾರಿ ಬಿಚ್ಚಿಸಿದರೆ, ಹಳೆಯ ಸೀರೆಯೊಳಗೆ ಅಚ್ಚುಕಟ್ಟಾಗಿ ಪೇರಿಸಿದ ಕುಳ್ಳುಗಳು! ಬಾಣಂತಿಯ ಮಂಚದ ಕೆಳಗೆ ಬೆಂಕಿ ಇಡಲು ಆ ನಡುಗಡ್ಡೆಯಲ್ಲಿ ಕುಳ್ಳು ಸಿಗುತ್ತವೋ ಇಲ್ಲವೋ ಎಂದು ನನಗೂ ಹೇಳದೆ ಕಟ್ಟಿಕೊಂಡು ಬಂದಿದ್ದರು. ಸಗಣಿಗೆ ಇಂಗ್ಲಿಷಿನಲ್ಲಿ ಗೌರವಯುತವಾದ ಪದ ಹುಡುಕುತ್ತ ನಾನು ಬೆವತೆ. ಅತ್ತೆ ಮಾತ್ರ ತಕ್ಕಡಿಯನ್ನೂ, ಆಗಷ್ಟೇ ನಮ್ಮ ಮುಂದೆ ನಿರಾತಂಕವಾಗಿ ದಾಟಿಹೋದ ಸ್ಥೂಲಕಾಯದ ಗೃಹಸ್ಥರನ್ನೂ ನೋಡುತ್ತಿದ್ದರು.

‘ಗಂಟು ತೂಗ್ತಾರ, ಮನಷ್ಯಾರನ್ನ ಯಾಕ ತೂಗಂಗಿಲ್ಲ? ಕೇಳ್ರಿ. ಅವರ ಮೈಯಾಗ ನಾ ಇಬ್ಬರಾಗ್ತೀನಿ. ನಂದು ಕಮ್ಮಿ ಇದ್ದಷ್ಟು ಉಂಡಿ ಒಯ್ತೀನಿ ಅಂತ ಹೇಳ್ರಿ’ ಎಂದರು. ನಾನು ಈ ಪೂರ್ವಪಕ್ಷವನ್ನು ನನ್ನ ಪಾಠದ ಇಂಗ್ಲಿಷಿನಲ್ಲಿ ಮಂಡಿಸಿದೆ. ಅಧಿಕಾರಿ ನಕ್ಕು, ಪಕ್ಕದವರನ್ನು ಕರೆದು ಅವರಿಗೂ ಹೇಳಿ ನಗಿಸಿ, ಡಬ್ಬಿಯನ್ನು ಕೈಯಲ್ಲೇ ಒಯ್ಯಲು ಬಿಟ್ಟ. ಕುಳ್ಳಿನ ಮೇಲೆ ಮಾತ್ರ ಅವನಿಗೆ ದಯೆ ಬರಲಿಲ್ಲ. ಅತ್ತೆ ಒಮ್ಮೆ ನನ್ನ ಕಡೆ ತಿರುಗಿ, ‘ಶಾರದಾಗ ಹೇಳ್ರಿ, ಹೊಕ್ಕೇನಿ ಅಂತ’ ಎಂದು ಹೇಳಿ ಒಳಗೆ ನಡೆದರು. ಬೆನ್ನು ನೆಟ್ಟಗಿತ್ತು. ನಾನು ಕುಳ್ಳಿನ ಗಂಟು ಹೊತ್ತು ಕೊಪ್ಪಳಕ್ಕೆ ಮರಳಿದೆ. ಬಾಗಿಲು ತೆರೆದ ಶಾರದಾ, ‘ನಾ ಇನ್ನೂ ಮದ್ರಾಸ್ ಕಂಡಿಲ್ಲ. ಈ ಕುಳ್ಳಾದ್ರೂ ನೋಡಿ ಬಂದ್ವಲ್ರಿ’ ಎಂದಳು.

ಅತ್ತೆ ಮುಟ್ಟಿದ ವಾರದೊಳಗೆ ಹೆಣ್ಣು ಕೂಸು ಹುಟ್ಟಿತೆಂದು ತಂತಿ ಬಂತು. ಆಮೇಲೆ ತಿಂಗಳುಗಟ್ಟಲೆ ಸುದ್ದಿಯೆಂದರೆ ‘ಎಲ್ಲರೂ ಕ್ಷೇಮ’ ಎಂಬುದಷ್ಟೆ. ಕಡಲು ಶಾಂತವಾದ ಕಾಲದಲ್ಲಿ ಬಸವರಾಜನಿಗೆ ರಜೆ ಸಿಕ್ಕಿ, ಎಲ್ಲರೂ ಹಡಗಿನಲ್ಲಿ ಮದ್ರಾಸಿಗೆ ಬಂದು ನಮ್ಮ ಮನೆಗೆ ಬಂದಿಳಿದರು. ನಾನು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿರಲಿಲ್ಲ ಎನ್ನುವುದೊಂದೇ. ಉಳಿದಂತೆ ಪತ್ರಕರ್ತನೇ ಆಗಿದ್ದೆ. ಮೋಡದ ಮೇಲಿಂದ ಭೂಮಿ ಹೇಗೆ ಕಾಣುತ್ತದೆ? ‘ಕಣ್ಣು ಮುಚ್ಚಿದ್ದೆನ್ರಿ.’ ಸಮುದ್ರ? ‘ಶಬ್ದ ಕೇಳತಿತ್ತು. ಹೋಗಿ ನೋಡಾಕ ವ್ಯಾಳ್ಯಾ ಎಲ್ಲಿತ್ರಿ, ಎರಡು ಹೊತ್ತು ಕೂಸಿಗೆ ಎರಿಯೂದಿತ್ತು. ಹಡಗಿನ್ಯಾಗೂ ಕೂಸಿನ ಜೋಡಿ ಒಳಗ ಮಲಗಿದ್ದೆ.’ ಲೋಕದ ಶ್ರೀಮಂತರು ಯಾವುದನ್ನು ನೋಡಲು ಅಷ್ಟು ದರ ತೆತ್ತು ಹೋಗುತ್ತಾರೋ, ಅದೇ ದರ ತೆತ್ತು ಹೋದ ನನ್ನ ಅತ್ತೆ ಅದಕ್ಕೆ ಬೆನ್ನು ಮಾಡಿ ಕೂತು ಕೂಸಿಗೆ ಎಣ್ಣೆ ಹಚ್ಚಿ ಬಂದಿದ್ದರು.

ಉಳಿದ ಕಥೆ ಹೇಳಿದವಳು ಗಿರಿಜಾ. ಬಸವರಾಜನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಹಿತ್ತಲಿಗೆ ಬಾಗಿಲಿರುವ ಒಂದು ಕೋಣೆಯಿತ್ತಂತೆ. ಅತ್ತೆ ಹೋದ ದಿನವೇ ಅದನ್ನು ನೋಡಿ, ‘ಇದನ್ನ ನನಗ ಬಾಡಗಿ ಕೊಡ್ರಿ’ ಎಂದು ಅಳಿಯನನ್ನು ಕೇಳಿದರಂತೆ. ಅವನು ನಕ್ಕ. ಅತ್ತೆ ನಗಲಿಲ್ಲ. ‘ನೀವು ಒಲ್ಲೆ ಅಂದ್ರ ಬಾಜೂಕ ಬ್ಯಾರೆ ಮನಿ ನೋಡ್ತೀನಿ’ ಎಂದಾಗ ಅವನು ಗಾಬರಿಯಾಗಿ ಬಾಡಿಗೆಗೆ ಕೈಯೊಡ್ಡಿದ. ಅಂದಿನಿಂದ ಆ ಕೋಣೆ ಯಲಬುರ್ಗಾ ಆಯಿತು. ಅಲ್ಲಿ ಬೇರೆ ಒಲೆ, ಬೇರೆ ಗಡಿಗೆ. ಕುಳ್ಳಿಗೆ ಬದಲಾಗಿ ತೆಂಗಿನ ಚಿಪ್ಪಿನ ಕೆಂಡ. ತೊಟ್ಟಿಲಿನ ಮೇಲೆ ಕಿನ್ನಾಳದ ಗಿಳಿಗಳು. ಬಸವರಾಜ ತನ್ನ ಕೂಸನ್ನು ನೋಡಬೇಕಾದರೆ ಮುಂಬಾಗಿಲಿನಿಂದ ಹೊರಗೆ ಬಂದು, ಮನೆಯನ್ನು ಸುತ್ತುವರಿದು, ಹಿತ್ತಲ ಬಾಗಿಲಲ್ಲಿ ನಿಂತು ಕೆಮ್ಮಬೇಕು. ಅತ್ತೆ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಊರಿಂದ ಬಂದ ಅಳಿಯನಿಗೆ ಮಾಡುವ ಉಪಚಾರವನ್ನೆಲ್ಲ ಮಾಡುತ್ತಿದ್ದರು. ದಿನವೂ ಬರತೊಡಗಿದಾಗ, ‘ಹಿಂಗ ದಿನಾ ಬಂದ್ರ ಅಳ್ಯಾಗ ಮರ್ಯಾದಿ ಉಳಿಯಂಗಿಲ್ರಿ’ ಎಂದು ಬುದ್ಧಿಯನ್ನೂ ಹೇಳಿದರಂತೆ. ನನ್ನ ಷಡ್ಡಕ ಮೂಲೆಯಲ್ಲಿ ಕೂತು ಇದನ್ನೆಲ್ಲ ಕೇಳುತ್ತ, ‘ಊಟ ಮಾತ್ರ ಭಾಳ ಛಲೋ ಇತ್ರಿ’ ಎಂದ.

‘ನನಗೂ ಮೊದಲ ನಗಿ ಬರ್ತಿತ್ತು ಮಾಮಾ’ ಎಂದಳು ಗಿರಿಜಾ. ‘ಆಮ್ಯಾಲ ನಗಿ ಹೋತು. ಕೇಳೂಕಿಂತ ಮೊದಲ ಬಿಸಿನೀರು ಬರ್ತಿತ್ತು. ನಡುಗಡ್ಡ್ಯಾಗ ಅದೀನಿ ಅನ್ನೂದು ಮರತಿದ್ನಿ.’ ರೈಲಿನಲ್ಲಿ ಅತ್ತೆ ನನಗೆ ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ. ಅವರು ಕೂಸಿನ ಕುಲಾಯಿಯ ದಾರ ಕಟ್ಟುತ್ತಿದ್ದರು.

ಬಾಣಂತನ ಮುಗಿಯಿತು. ಮುಗಿದ ಮೇಲೆ ತವರಿನವರು ಮಗಳಿಗೆ ಉಡಿ ತುಂಬಿ ಗಂಡನ ಮನೆಗೆ ಕಳಿಸಬೇಕಲ್ಲ. ಅತ್ತೆ ಒಳ್ಳೆಯ ದಿನ ನೋಡಿ, ಆ ಕೋಣೆಯಲ್ಲಿ ಗಿರಿಜಾಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಅರಿಶಿನ ಬೇರು, ಕುಪ್ಪಸದ ಖಣ ಹಾಕಿ ಉಡಿ ತುಂಬಿದರು. ಬಸವರಾಜ ಇಸ್ತ್ರಿಯ ಅಂಗಿ ತೊಟ್ಟು ಹಿತ್ತಲ ಬಾಗಿಲಿಗೆ ಕರೆಯಲು ಬಂದ. ಗಿರಿಜಾ ಕೂಸನ್ನೆತ್ತಿಕೊಂಡು ತಾಯಿಯ ಕಾಲಿಗೆ ಬಿದ್ದು ಹೊರಟಳು. ಹಿತ್ತಲಿನಿಂದ ಅಂಗಳಕ್ಕೆ, ಅಂಗಳದಿಂದ ಮುಂಬಾಗಿಲಿಗೆ. ಅಷ್ಟೇ ದೂರ.

‘ಅಷ್ಟ ದೂರಕ್ಕ ಎಷ್ಟು ಅತ್ನಿ ಗೊತ್ತೈತೇನು ಮಾಮಾ? ಹೊರಳಿ ಹೊರಳಿ ನೋಡಿದ್ನಿ. ಅವ್ವ ಹಿತ್ತಲ ಬಾಗಿಲದಾಗ ಸೆರಗು ಬಾಯಿಗೆ ಹಿಡ್ಕೊಂಡು ನಿಂತಿದ್ಲು’ ಎಂದಳು ಗಿರಿಜಾ. ಹೇಳುತ್ತ ಈಗಲೂ ಅವಳ ಕಣ್ಣು ತುಂಬಿತು, ಶಾರದೆಯದೂ ತುಂಬಿತು. ‘ರಾತ್ರಿ ಊಟಕ್ಕ ಕರೀಬೇಕಂದ್ನಿ. ಇವರು ಬ್ಯಾಡ, ಇವತ್ತ ಕರೀಬಾರದು ಅಂದ್ರು. ಗ್ವಾಡಿ ಆಚೆ ಅವ್ವ ಒಬ್ಬಾಕಿನ ಇದ್ಲು. ಮರದಿನ ಮುಂಜಾನಿ ಯಾರೋ ಮುಂದಿನ ಬಾಗಿಲ ಬಡದ್ರು. ತಗದ್ರ ಅವ್ವ! ಹೊಸಾ ಸೀರಿ ಉಟ್ಟು, ಕೈಯಾಗ ಬಾಳಿಹಣ್ಣು ಹಿಡದು, “ಮಗಳ ಮನಿ ನೋಡಿ ಹೋಗೂಣಂತ ಬಂದ್ನಿ” ಅಂದ್ಲು.’

ಎಲ್ಲರೂ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಅತ್ತೆಗೆ ಸಂಕೋಚವಾಯಿತು. ಕೂಸನ್ನು ಭುಜಕ್ಕೆ ಹಾಕಿಕೊಂಡು ಎದ್ದರು.

‘ಅಷ್ಟು ರೊಕ್ಕಾ ಕೊಟ್ಟು ಅಷ್ಟು ದೂರ ಹೋಗೇನಿ, ಮಗಳ ಮನಿ ನೋಡದ ಬರ್ಲೇನ್ರಿ?’ ಎಂದರು.